ಗೊಂಬೆ ಕಾಡಿನ ಚಿಂಪಾಂಜಿಗೂ ಧಾರವಾಡದ ಮುಸ್ಯಾಗೂ ಇರೋ ನಂಟು

ಸಂಪಾದಕರಿಗೆ ನಮಸ್ಕಾರ್ರೀ,

2025ರ ಅಕ್ಟೋಬರ್ 1ಕ್ಕ ಚಿಂಪಾಂಜಿ ವಿಜ್ಞಾನಿ ಜೇನ್ ಗುಡಾಲ್ ತೀರ್ಕೊಂಡ್ರು ಅಂತ ನಿಮ್ಮ ಪೇಪರಿನ್ಯಾಗ ದೊಡ್ಡ ಫೋಟೋ ಹಾಕಿ ಬರದಿದ್ರಿ, ಆಮ್ಯಾಲ ರವಿವಾರದ ಪುರವಣಿ ಒಳಗೂ ಒಂದು ಪೂರ್ತಿ ಪುಟ ಬಂತು. ಓದಿ ಖುಷಿ ಆತು, 91 ವರ್ಷ ಬದುಕಿದ ಒಬ್ಬ ವಿಜ್ಞಾನಿಗೆ ನಮ್ಮ ಕನ್ನಡ ಪೇಪರಿನವ್ರು ಒಂದು ಪುಟ ಕೊಡೋದು ದಿನಾ ಆಗೋ ಮಾತಲ್ಲ. ಆದ್ರ ಓದಿ ಮುಗಿಸಿದ ಮ್ಯಾಲ ಒಂದೀಟು ಕಿರಿಕಿರಿನೂ ಆತು, ಅದನ್ನ ಹೇಳ್ಲಿಕ್ಕೇ ಈ ಪತ್ರ. ನಾನು ರಿಟೈರ್ ಆದ ಹೈಸ್ಕೂಲ್ ವಿಜ್ಞಾನ ಮಾಸ್ತರ, ಧಾರವಾಡದಾಂವ, ಮಾತಾಡಿದಂಗ ಬರಿಯೋ ಚಟ, ಬೇಕಾದ್ರ ನಿಮ್ಮ ಡೆಸ್ಕಿನವ್ರು ತಿದ್ದಿ ಹಾಕ್ಕೊಳ್ಳಲಿ.

ಮೊದ್ಲು ಸಣ್ಣ ತಪ್ಪು. ಫೋಟೋ ಕೆಳಗ "ಕೋತಿಗಳ ಜೊತೆ ಜೇನ್" ಅಂತ ಹಾಕೀರಿ. ಚಿಂಪಾಂಜಿ ಕೋತಿ ಅಲ್ರೀ. ಅದಕ್ಕ ಬಾಲ ಇಲ್ಲ, ಗೊರಿಲ್ಲಾ ಒರಾಂಗುಟಾನ್ ಸಾಲಿನ್ಯಾಗ ಬರೋ ಪ್ರಾಣಿ ಅದು, ವಂಶದ ಲೆಕ್ಕಾ ತಗದ್ರ ಕೋತಿಗಿಂತ ನಮಗೇ ಹತ್ರದ ದಾಯಾದಿ. ಮತ್ತ ಅಪ್ಕೊಂಡಿರೋ ಫೋಟೋ ನೋಡಿ ಕಾಡಿನ್ಯಾಗ ಅವ್ರು ಹಂಗ ಅಪ್ಕೊಂಡು ಅಡ್ಡಾಡ್ತಿದ್ರು ಅಂತ ಜನ ತಿಳ್ಕೋತಾರ. ವುಂಡಾ ಅನ್ನೋ ಚಿಂಪಾಂಜಿ ಅವ್ರನ್ನ ತಬ್ಕೊಂಡ ವಿಡಿಯೋ ಎಲ್ಲಾರ ಮೊಬೈಲಿಗೂ ಬಂದು ಹೋಗ್ಯದಲ್ಲ, ಅದು 2013ರಾಗ ಕಾಂಗೋದ ಒಂದು ಆಶ್ರಯಧಾಮದಾಗ ಸಾಕಿ ಬದುಕಿಸಿ ದ್ವೀಪಕ್ಕ ಬಿಡೋ ಹೊತ್ತಿನದು. ಅಭ್ಯಾಸ ನಡಿಯೋ ಕಾಡಿನ್ಯಾಗ ಇವತ್ತು ಯಾರರ ಚಿಂಪಾಂಜಿ ಮೈ ಮುಟ್ಟಿದ್ರ ಮರುದಿನಾನ ಗಂಟು ಮೂಟಿ ಕಟ್ಟಿಸಿ ಕಳಸ್ತಾರ. ಅದು ಯಾಕ ಅಂತ ಮುಂದ ಹೇಳ್ತೀನಿ.

ದೊಡ್ಡ ತಕರಾರು ಬ್ಯಾರೇನ ಅದ. ನಿಮ್ಮ ಪುಟ ಓದಿದ್ರ, ಒಬ್ಬ ಧೈರ್ಯವಂತ ಹುಡುಗಿ ಒಬ್ಬಾಕಿನ ಆಫ್ರಿಕಾಕ್ಕ ಹೋದ್ಲು, ಚಿಂಪಾಂಜಿಗಳ ಮನಸು ಗೆದ್ಲು, ಜಗತ್ತು ಬದಲಾತು, ಇಷ್ಟ. ಸಿನಿಮಾ ಕಥಿ ಆತು. 60 ವರ್ಷ ಅಲ್ಲಿ ದಿನಾ ಬೆಳಗಿನಿಂದ ಸಂಜಿತನಕ ನೋಟ್‌ಬುಕ್ಕಿನ್ಯಾಗ ಬರದವ್ರು ಯಾರು, ಏನು ಬರದ್ರು, ಒಬ್ಬರು ಕಂಡಿದ್ದನ್ನ ಇನ್ನೊಂದು ಕಾಡಿನವ್ರು ಹೆಂಗ ತಿದ್ದಿದ್ರು, ಇದ್ರ ಬಗ್ಗೆ ಒಂದು ಸಾಲೂ ಇಲ್ಲ. ಮತ್ತ ಈ ಕಥಿ ಒಳಗ ನಮ್ಮ ಧಾರವಾಡದ ಕಾಡೂ ಬರ್ತದ, ಅದಂತೂ ನಿಮ್ಮ ವರದಿಗಾರ್ರಿಗೆ ಗೊತ್ತೇ ಇದ್ದಂಗಿಲ್ಲ.

ಗೊಂಬೆ ಅಂದ್ರ ಆಟದ ಗೊಂಬಿ ಅಲ್ಲ (ನಮ್ಮ ಮೊಮ್ಮಗಳು ಹಂಗ ತಿಳ್ಕೊಂಡಿದ್ಲು), ತಾಂಜಾನಿಯಾದಾಗ ಟ್ಯಾಂಗನಿಕಾ ಸರೋವರದ ದಂಡಿಗೆ ಇರೋ ಗುಡ್ಡಗಾಡು. 1960ರ ಜುಲೈ 14ಕ್ಕ ಗುಡಾಲ್ ಅಲ್ಲಿ ಇಳದಾಗ 26 ವರ್ಷ, ಕೈಯಾಗ ಡಿಗ್ರಿ ಇಲ್ಲ, ಜೊತಿಗೆ ಅವ್ರ ತಾಯಿ ವ್ಯಾನ್ ಮತ್ತ ಒಬ್ಬ ಅಡಿಗಿಯಾಂವ. ಒಬ್ಬಾಕಿನ ಹೋಗಿದ್ದಿಲ್ಲ ನೋಡ್ರಿ. ತಾಯಿ ಮಗಳು ಇಬ್ರೂ ಮಲೇರಿಯಾ ಬಂದು ಮಲಗಿದ್ರು, ತಿಂಗಳುಗಟ್ಲೆ ಚಿಂಪಾಂಜಿ ದೂರದಿಂದ ನೋಡಿದ ಕೂಡ್ಲೆ ಓಡಿ ಹೋಗ್ತಿದ್ವು. ನವೆಂಬರಿನ್ಯಾಗ ಡೇವಿಡ್ ಗ್ರೇಬಿಯರ್ಡ್ ಅಂತ ಅವ್ರು ಹೆಸರಿಟ್ಟಿದ್ದ ಬಿಳಿ ಗಡ್ಡದ ಗಂಡು ಹುಲ್ಲಿನ ಕಡ್ಡಿ ಗೆದ್ದಲ ಹುತ್ತಿನ ತೂತಿಗೆ ತೂರ್ಸಿ, ಅದಕ್ಕ ಕಚ್ಗೊಂಡು ಬಂದ ಗೆದ್ದಲ ತುಟೀಲೆ ಬಳ್ಕೊಂಡು ತಿಂದಿದ್ದು ಕಂಡಿತು. ಇದನ್ನ ನೀವೂ ಬರದೀರಿ, ಎಲ್ಲಾರೂ ಬರೀತಾರ, ಬಿಡ್ರಿ.

ಆದ್ರ "ಪ್ರಾಣಿಗಳಿಗೆ ಮೊದಲು ಹೆಸರಿಟ್ಟವರು ಜೇನ್" ಅಂತ ಬರದಿದ್ದು ಸರಿ ಅಲ್ಲ. ಜಪಾನಿನ ಕಿಂಜಿ ಇಮಾನಿಶಿ, ಜುನಿಚಿರೊ ಇತಾನಿ ಇವ್ರೆಲ್ಲಾ 1950ರ ಹೊತ್ತಿಗೇ ತಮ್ಮ ಊರಿನ ಮಂಗಗಳನ್ನ ಒಂದೊಂದಾಗಿ ಗುರ್ತು ಹಿಡದು, ಹೆಸರಿಟ್ಟು, ಯಾರು ಯಾರ ಮಗ ಅಂತ ವರ್ಷಾನುಗಟ್ಲೆ ಬರ್ಕೋತಿದ್ರು. ಯುರೋಪಿನ ಪ್ರೊಫೆಸರುಗಳಿಗೆ ಹೆಸರಿಡೋದು ತಪ್ಪಾಗಿ ಕಂಡಿತ್ತು, ಜಪಾನಿನವ್ರಿಗೆ ಅದು ಸಹಜನ ಇತ್ತು. ಅದ ಕ್ಯೋಟೋ ವಿಶ್ವವಿದ್ಯಾಲಯದಿಂದ ತೊಶಿಸಾದ ನಿಶಿದಾ ಅನ್ನಾಂವ 1965ರಾಗ ಗೊಂಬೆಯಿಂದ ದಕ್ಷಿಣಕ್ಕ ಅದ ಸರೋವರದ ದಂಡಿಗೆ ಇರೋ ಮಹಾಲೆ ಗುಡ್ಡಕ್ಕ ಬಂದ್ರು. ಇವ್ರು ಕಬ್ಬು ಹಾಕಿ ಚಿಂಪಾಂಜಿ ಹತ್ರ ಕರ್ಕೊಂಡ್ರು, ಗೊಂಬೆ ಒಳಗ ಗುಡಾಲ್ ಬಾಳಿಹಣ್ಣು ಹಾಕ್ತಿದ್ರು.

ಇಲ್ಲೇ ಮಜಾ ಇರೋದು. ಗೊಂಬೆ ಒಳಗ ನೋಡಿದ್ರ ಚಿಂಪಾಂಜಿಗಳು ಇವತ್ತು ಮೂರು ಕೂಡಿ ಅಡ್ಡಾಡ್ತಾವ, ನಾಳೆ ಹತ್ತು ಕೂಡ್ತಾವ, ನಾಡಿದ್ದು ಒಂಟಿ, ಹಂಗಾಗಿ ಗುಡಾಲ್ ಮೊದ್ಲು ಇವಕ್ಕ ಗಟ್ಟಿ ಗುಂಪೇ ಇಲ್ಲ, ಯಾರು ಬೇಕಾದ್ರೂ ಯಾರ ಜೊತಿಗೂ ಇರ್ತಾರ ಅಂತ ತಿಳ್ಕೊಂಡಿದ್ರು. ಇಲ್ಲಾ, ಒಳಗ ಎಷ್ಟ ಚದುರಿ ಅಡ್ಡಾಡಿದ್ರೂ ಇವು ಒಂದು ಊರಿನವು, ಆ ಊರಿಗೆ ಗಡಿ ಅದ, ಆಚಿ ಊರಿನ ಗಂಡು ಈಚಿಗೆ ಬರಂಗಿಲ್ಲ ಅಂತ ತೋರಿಸಿದವ್ರು ನಿಶಿದಾ. ಗಂಡು ಹುಟ್ಟಿದ ಊರಾಗ ಹುಟ್ಟಿ ಅಲ್ಲೇ ಸಾಯ್ತದ, ಹೆಣ್ಣು ವಯಸ್ಸಿಗೆ ಬಂದ ಮ್ಯಾಲ ಸಾಮಾನ್ಯವಾಗಿ ಬ್ಯಾರೆ ಊರಿಗೆ ಹೋಗ್ತದ. ಹೊಸದಾಗಿ ಬಂದ ಹೆಣ್ಣಿಗೆ ಅಲ್ಲಿದ್ದ ಹಳೇ ಹೆಣ್ಣುಗಳು ಕೊಡೋ ಕಾಟ ಓದಿದ್ರ ನಮ್ಮ ಕಡೆ ಅತ್ತಿ ಸೊಸಿ ಕಥಿ ನೆನಪಾಗ್ತದ. ನಮ್ಮ ಕಡೆಯ ಮುಸ್ಯಾಗಳೊಳಗ (ಕರೀ ಮಾರಿ, ಉದ್ದ ಬಾಲದ ಲಂಗೂರ ಮಂಗ) ಇದು ಪೂರಾ ಉಲ್ಟಾ, ಗಂಡು ಹೊರಗ ಹೋಗ್ತದ, ಹೆಣ್ಣು ತವರಾಗ ಇರ್ತದ.

ಇನ್ನ ನೋಡೋ ಕೆಲ್ಸ ಹೆಂಗ ನಡೀತದ ಅಂತ ಕೇಳ್ರಿ. ಚಿಂಪಾಂಜಿ ದಿನಾ ಸಂಜೀಕ ಗಿಡದ ಮ್ಯಾಲ ಟೊಂಗಿ ಮಡಚಿ ಹೊಸಾ ಹಾಸಿಗಿ ಮಾಡ್ಕೊಂಡು ಮಲಗ್ತದ. ಎಲ್ಲಿ ಮಲಗ್ತು ಅಂತ ನೋಡಿ ಇಟ್ಕೊಂಡು, ಮರುದಿನ ಬೆಳಕು ಹರಿಯೋಕಿಂತ ಮೊದ್ಲ ಆ ಗಿಡದ ಬುಡಕ ಹೋಗಿ ಕೂಡ್ಬೇಕು. ಅದು ಇಳದ ಮ್ಯಾಲ ಮತ್ತ ಸಂಜಿ ಹಾಸಿಗಿ ಮಾಡೋತನಕ ಅದರ ಬೆನ್ನ ಬಿಡಂಗಿಲ್ಲ, ಮುಳ್ಳಿನ ಕಂಟಿ ಇರ್ಲಿ, ಹಳ್ಳ ಇರ್ಲಿ, ಮಳಿ ಇರ್ಲಿ. ಏನು ತಿಂತು, ಯಾರು ಜೊತಿಗಿದ್ರು, ಯಾರು ಬಿಟ್ಟು ಹೋದ್ರು, ಯಾರು ಯಾರ ಹೇನು ನೋಡಿದ್ರು, ಎಷ್ಟೊತ್ತು ನೋಡಿದ್ರು, ಯಾರು ಯಾರ ಮುಂದ ಬಗ್ಗಿ ಹ್ಹು ಹ್ಹು ಅಂತ ಉಸಿರಿನ ಸಲಾಮು ಹಾಕಿದ್ರು, ಎಲ್ಲಾ ಗಡಿಯಾರ ನೋಡಿ ಬರೀಬೇಕು. ಈ ಸಲಾಮು ಯಾವಾಗ್ಲೂ ಸಣ್ಣಾಂವ ದೊಡ್ಡಾಂವಗ ಹಾಕೋದು, ದೊಡ್ಡಾಂವ ತಿರುಗಿ ಹಾಕಂಗಿಲ್ಲ, ಹಂಗಾಗಿ ತಿಂಗಳುಗಟ್ಲೆ ಬರದ ಸಲಾಮಿನ ಲೆಕ್ಕಾ ಕೂಡಿಸಿದ್ರ ಆ ಊರಿನ ಗೌಡ ಯಾರು ಅಂತ ತಾನ ಗೊತ್ತಾಗ್ತದ. ಮತ್ತ ಗೌಡಕಿ ಬರೇ ತೋಳ್ಬಲದಿಂದ ಬರಂಗಿಲ್ಲ. ಮೈಕ್ ಅಂತ ಒಂದು ಕೆಳಗಿನ ದರ್ಜೆ ಗಂಡು 1964ರ ಸುಮಾರಿಗೆ ಗುಡಾಲ್ ಅವ್ರ ಕ್ಯಾಂಪಿನಿಂದ ಖಾಲಿ ಚಿಮಣಿ ಎಣ್ಣಿ ಡಬ್ಬಿ ಕದ್ದು, ಅವನ್ನ ಢಣಢಣ ಬಡ್ಕೋತ ದೊಡ್ಡ ಗಂಡುಗಳ ಮ್ಯಾಲ ಏರಿ ಹೋಗಿ, ಕಡದಾಟ ಇಲ್ದನ ಗೌಡ ಆತು. ಸಪ್ಪಳ ಮಾಡಿ ಗೌಡ ಆಗೋದು ನಮಗೇನು ಹೊಸಾದಲ್ಲ, ಆ ಮಾತು ಬ್ಯಾರೆ.

ಇದನ್ನೆಲ್ಲಾ ಬರದವ್ರು ಯಾರು? ಬಹಳಷ್ಟು ತಾಂಜಾನಿಯಾದ ಆ ಸುತ್ತಮುತ್ತಲಿನ ಹಳ್ಳಿ ಮಂದಿ. 1974ರ ಜನವರಿ 7ಕ್ಕ ಗೊಂಬೆಯ ಕಸಕೇಲಾ ಅನ್ನೋ ಚಿಂಪಾಂಜಿ ಗುಂಪಿನ ಆರು ದೊಡ್ಡ ಗಂಡುಗಳು ಕೂಡಿ, ದಕ್ಷಿಣಕ್ಕ ಒಡದು ಹೋಗಿದ್ದ ಕಹಾಮಾ ಗುಂಪಿನ ಗೋಡಿ ಅನ್ನೋ ಗಂಡನ್ನ ಒಂಟಿ ಸಿಕ್ಕಾಗ ಹಿಡದು, ಒಂದು ಅದರ ಮ್ಯಾಲ ಕುಂತು ಒತ್ತಿ ಹಿಡದ್ರ ಉಳದವು ಬಡದು ಕಚ್ಚಿ ಬಿಟ್ಟು ಹೋದ್ವು, ಗೋಡಿ ಮತ್ತ ಯಾರಿಗೂ ಕಾಣಿಸ್ಲಿಲ್ಲ. ಅದನ್ನ ಕಣ್ಣಾರೆ ಕಂಡು ಬರದಾಂವ ಹಿಲಾಲಿ ಮಟಾಮಾ, ಅಲ್ಲಿನ ಫೀಲ್ಡ್ ಸಹಾಯಕ. ನಾಲ್ಕು ವರ್ಷದಾಗ ಕಹಾಮಾದ ಗಂಡುಗಳೆಲ್ಲಾ ಹೋದ್ವು. ಕೊಂದವೂ ಸತ್ತವೂ ಕೆಲವೇ ವರ್ಷದ ಹಿಂದ ಒಂದ ಗುಂಪಿನ್ಯಾಗ ಕುಂತು ಒಂದರ ಹೇನು ಒಂದು ನೋಡಿದ್ದಂಥವು, ಹೊಲದ ಬದುವಿನ ಸಲುವಾಗಿ ಅಣ್ಣ ತಮ್ಮಂದ್ರು ಕೊಡಲಿ ಹಿಡದಂಗ. 1975ರ ಮೇ ಒಳಗ ಸರೋವರದ ಆಚಿಯಿಂದ ಬಂದ ಬಂಡುಕೋರರು ಗೊಂಬೆಯ ನಾಲ್ಕು ಮಂದಿ ವಿದೇಶಿ ವಿದ್ಯಾರ್ಥಿಗಳನ್ನ ಎತ್ಕೊಂಡು ಹೋದ್ರು (ಆಮ್ಯಾಲ ಎಲ್ಲಾರೂ ಬಿಡುಗಡಿ ಆದ್ರು), ಹೊರಗಿನವ್ರು ಅಲ್ಲಿ ಇರೋದ ಕಷ್ಟ ಆತು. ಅವಾಗ ಕೆಲ್ಸ ನಿಲ್ಲದಂಗ ನೋಡ್ಕೊಂಡವ್ರು ಈ ಹಳ್ಳಿ ಮಂದಿನ, ಸ್ವಾಹಿಲಿ ಭಾಷಾದಾಗ ದಿನದ ದಾಖಲೆ ಬರದು ಇಟ್ರು. ಕನ್ನಡ ಪೇಪರಿನವ್ರಿಗೆ ಇದು ಮುಖ್ಯ ಅನಿಸಬೇಕಿತ್ತು, ತಮ್ಮ ಮಾತಿನ್ಯಾಗ ಬರದು ಇಟ್ಟ ವಿಜ್ಞಾನ ಅದು.

ಈ ಯುದ್ಧದ ಸುದ್ದಿ ಹೊರಗ ಬಂದಾಗ ಬಾಳಿಹಣ್ಣಿನ ಪ್ರಶ್ನೆ ಎದ್ದಿತು. ಹಣ್ಣು ಹಾಕಿ ಹಾಕಿ ಗುಡಾಲ್ ಅವ್ರೇ ಇವನ್ನ ಕೆಡಿಸ್ಯಾರ, ಕಾಡಿನ ಚಿಂಪಾಂಜಿ ಹಿಂಗ ಇರಂಗಿಲ್ಲ ಅಂತ. ಪ್ರಶ್ನೆ ನ್ಯಾಯವಾಗಿತ್ತು. ಹಣ್ಣು ಹಾಕೋ ಜಾಗಾದಾಗ ಜಗಳ ಹೆಚ್ಚಾಗಿದ್ದು ಖರೇನ, ರಿಚರ್ಡ್ ರ‍್ಯಾಂಗಮ್ 1974ರಾಗ ಅದನ್ನ ಬರದಾರ, ಅವ್ರೂ ಗೊಂಬೆ ಒಳಗ ಕೆಲ್ಸಾ ಮಾಡಿದವ್ರೇ. ಇದಕ್ಕ ಗಟ್ಟಿ ಉತ್ತರ ಬರ್ಲಿಕ್ಕೆ 2014 ಆತು ನೋಡ್ರಿ. ಬ್ಯಾರೆ ಬ್ಯಾರೆ ಕಾಡಿನ 18 ಚಿಂಪಾಂಜಿ ಗುಂಪುಗಳ ದಾಖಲೆ ಎಲ್ಲಾ ಕೂಡ್ಸಿ ನೋಡಿದ್ರು, 152 ಕೊಲೆ ಲೆಕ್ಕಕ್ಕ ಸಿಕ್ವು, ಅದ್ರಾಗ 58 ಕಣ್ಣಾರೆ ಕಂಡಿದ್ದು, ಉಳದದ್ದು ಗಾಯ ನೋಡಿ ಊಹಿಸಿದ್ದು ಇಲ್ಲಾ ಸಂಶಯ. ಮನುಷ್ಯರ ಕಾಟ ಎಲ್ಲಿ ಹೆಚ್ಚೋ ಅಲ್ಲಿ ಕೊಲೆ ಹೆಚ್ಚು ಅಂತ ಬರ್ಲಿಲ್ಲ. ಗುಂಪಿನ್ಯಾಗ ಗಂಡು ಎಷ್ಟು, ಪ್ರಾಣಿ ಎಷ್ಟು ದಟ್ಟ ಅದಾವ ಅನ್ನೋದ್ರ ಮ್ಯಾಲ ನಿಂತಿತ್ತು. ಹತ್ತಾರು ಕ್ಯಾಂಪಿನವ್ರು ಹತ್ತಾರು ವರ್ಷ ಬರದ ನೋಟ್‌ಬುಕ್ ಇದ್ದಿದ್ದಕ್ಕ ಈ ಮಾತು ಹೇಳ್ಲಿಕ್ಕೆ ಬಂತು.

ಈಗ ಧಾರವಾಡಕ್ಕ ಬರ್ತೀನಿ. ಕೊಲೆ ಮಾತು ಬಂದ್ರ ಧಾರವಾಡ ಬಿಟ್ಟು ಹೇಳ್ಲಿಕ್ಕೇ ಆಗಂಗಿಲ್ಲ.

1961ರಿಂದ 63ರತನಕ ಜಪಾನಿನ ಯುಕಿಮಾರು ಸುಗಿಯಾಮಾ ಅನ್ನೋ ತರುಣ ವಿಜ್ಞಾನಿ ತಮ್ಮ ಜೊತಿಯವ್ರ ಕೂಡ ಬಂದು ಧಾರವಾಡದ ಪಶ್ಚಿಮದ ಕಾಡಿನ್ಯಾಗ ನಮ್ಮ ಮುಸ್ಯಾಗಳ ಬೆನ್ನ ಹತ್ತಿದ್ರು. ಅವ್ರ ಪ್ರಬಂಧದಾಗ ಎಂ.ಡಿ. ಪಾರ್ಥಸಾರಥಿ ಅನ್ನೋ ನಮ್ಮ ದೇಶದವ್ರ ಹೆಸರೂ ಅದ. ಇಲ್ಲಿಯ ಗುಂಪುಗಳೊಳಗ ಹೆಚ್ಚಾಗಿ ಒಂದ ದೊಡ್ಡ ಗಂಡು, ಉಳದದ್ದೆಲ್ಲಾ ಹೆಣ್ಣು ಮತ್ತ ಮರಿ. ಗುಂಪಿಲ್ಲದ ಗಂಡುಗಳು ತಮ್ಮದ ಒಂದು ಪುಂಡ ದಂಡು ಕಟ್ಗೊಂಡು ತಿರಗ್ತಾವ, ಒಂದಿನ ಬಂದು ಗುಂಪಿನ ಯಜಮಾನನ್ನ ಹೊಡದು ಓಡಸ್ತಾವ, ಆಮ್ಯಾಲ ಅವುಗಳೊಳಗ ಒಂದು ಗಂಡು ಉಳದವನ್ನೂ ಓಡ್ಸಿ ತಾನ ಯಜಮಾನ ಆಗ್ತದ. ಇಷ್ಟು ನಮ್ಮ ಹಳ್ಳಿ ಮುದುಕ್ರಿಗೂ ಗೊತ್ತಿತ್ತು. ಸುಗಿಯಾಮಾ ಕಂಡಿದ್ದು ಅದರ ಮುಂದಿಂದು, ಹೊಸಾ ಯಜಮಾನ ಹಳೇ ಯಜಮಾನನ ಮರಿಗಳನ್ನ ಒಂದೊಂದಾಗಿ ಕಚ್ಚಿ ಕೊಂತು, ಮರಿ ಕಳ್ಕೊಂಡ ತಾಯಂದ್ರು ಸ್ವಲ್ಪ ದಿವಸದಾಗ ಅದ ಗಂಡಿನ ಜೊತಿಗೆ ಕೂಡಿದ್ರು. ತಾವೇ ಒಂದು ಗುಂಪಿನ ಯಜಮಾನನ್ನ ಹಿಡದು ತಗದೂ ನೋಡಿದ್ರು, ಅಲ್ಲೂ ಹೊಸಾ ಗಂಡು ಬಂದು ಮರಿಗಳನ್ನ ಕೊಂತು. (ಈ ಪ್ರಯೋಗ ನನಗ ಸರಿ ಅನಸಂಗಿಲ್ಲ, ಇವತ್ತು ಯಾರೂ ಪರವಾನಗಿ ಕೊಡಂಗಿಲ್ಲ.) 1965ರಾಗ ಇದನ್ನ ಅಚ್ಚು ಹಾಕ್ಸಿದ್ರ ಬಹಳ ಮಂದಿ ಇದೇನೋ ರೋಗದ್ದು, ಮುಸ್ಯಾಗಳು ದಟ್ಟ ಆಗಿ ಹುಚ್ಚು ಹಿಡದಾವ ಅಂತ ಪಕ್ಕಕ್ಕ ಇಟ್ರು. 1970ರ ದಶಕದಾಗ ಸಾರಾ ಹರ್ಡಿ ರಾಜಸ್ಥಾನದ ಅಬು ಬೆಟ್ಟದ ಮುಸ್ಯಾಗಳನ್ನ ನೋಡಿ, ಹುಚ್ಚಲ್ಲ, ಗಂಡಿಗೆ ತನ್ನ ಮಕ್ಕಳನ್ನ ಹುಟ್ಟಿಸ್ಲಿಕ್ಕೆ ಇರೋ ದಾರಿ ಇದು ಅಂತ ವಾದ ಮಾಡಿದ್ರು. ಆಮ್ಯಾಲ ಸಿಂಹದಾಗ, ಗೊರಿಲ್ಲಾದಾಗ, ಚಿಂಪಾಂಜಿದಾಗ ಮರಿ ಕೊಲ್ಲೋ ಸುದ್ದಿ ಬರ್ಕೋತ ಹೋತು. ಮೊದ್ಲು ಬರದು ಇಟ್ಟಿದ್ದು ಧಾರವಾಡದಾಗ.

ಸುಗಿಯಾಮಾ ಇಲ್ಲಿಂದ ಹೋಗಿ 1966ರಾಗ ಉಗಾಂಡಾದ ಬುಡೊಂಗೊ ಕಾಡಿನ್ಯಾಗ ಚಿಂಪಾಂಜಿ ನೋಡಿದ್ರು, 1976ರಾಗ ಪಶ್ಚಿಮ ಆಫ್ರಿಕಾದ ಗಿನಿ ದೇಶದ ಬೊಸ್ಸು ಅನ್ನೋ ಹಳ್ಳಿಗೆ ಹೋಗಿ ಅಭ್ಯಾಸ ಶುರು ಮಾಡಿದ್ರು. ಊರಿಗೆ ಹತ್ತಿದ ಗುಡ್ಡದಾಗ ಇಪ್ಪತ್ತರ ಆಸುಪಾಸು ಚಿಂಪಾಂಜಿ ಇದ್ವು, ಒಂದು ಕಲ್ಲು ಕೆಳಗ ಇಟ್ಟು ಇನ್ನೊಂದು ಕಲ್ಲಿಲೆ ತಾಳೆಕಾಯಿ ಒಡದು ತಿನ್ನೋವು. ಗೊಂಬೆಯ ಚಿಂಪಾಂಜಿಗಳಿಗೆ ಕಲ್ಲಿಲೆ ಕಾಯಿ ಒಡಿಯೋದು ಗೊತ್ತೇ ಇಲ್ಲ, ಊರಿಗೊಂದು ರೀತಿ. ಆ ಬೊಸ್ಸುವಿನ ಮನೋನ್ ಜನ ಚಿಂಪಾಂಜಿ ಒಳಗ ತಮ್ಮ ಹಿರಿಯರ ಆತ್ಮ ಅದ ಅಂತ ನಂಬ್ತಾರ, ಗ್ಬಾನ್ ಅನ್ನೋ ಆ ಗುಡ್ಡ ಅವ್ರಿಗೆ ಪವಿತ್ರ, ಹಂಗಾಗೇ ಅವು ಅಲ್ಲಿ ಉಳದಿದ್ವು. ಹನುಮಪ್ಪನ ಹೆಸರಿನ್ಯಾಗ ಮುಸ್ಯಾಗ ಕಲ್ಲು ಒಗಿಯೋ ಮುಂದ ಕೈ ಹಿಂದ ತಗೊಳ್ಳೋ ಊರಿನಿಂದ ಹೋದ ಮನಷ್ಯಾಗ ಇದು ಹೊಸಾದು ಅನಿಸಿರ್ಲಿಕ್ಕಿಲ್ಲ.

ನನ್ನ ಒಂದು ಅನುಭವ ಹೇಳ್ತೀನಿ. ಸಾಲ್ಯಾಗ ಇದ್ದಾಗ ಒಂದು ವರ್ಷ ಒಂಬತ್ತನೆತ್ತೆಯ ಹುಡುಗೂರಿಗೆ ಹಿತ್ತಲದ ಹುಣಸಿ ಗಿಡದ ಮುಸ್ಯಾಗಳನ್ನ ನೋಡಿ ಐದು ನಿಮಿಷಕ್ಕೊಮ್ಮೆ ಬರಿಯೋ ಕೆಲ್ಸಾ ಹಚ್ಚಿದ್ದೆ, ನಾನು ಸೀಟಿ ಊದೋದು, ಅವು ಬರಿಯೋದು. ಮೊದಲನೇ ದಿನ ಒಬ್ಬ ಹುಡುಗ "ದೊಡ್ಡ ಮುಸ್ಯಾಗ ಸಿಟ್ಟು ಬಂದೈತಿ" ಅಂತ ಬರದಿದ್ದ. ಸಿಟ್ಟು ಎಲ್ಲಿ ಕಂಡ್ಯೋ ಅಂದೆ. "ಕಟಕಟ ಹಲ್ಲು ಕಡೀತ್ರೀ ಸರ" ಅಂದ. ಹಂಗಾರ ಹಲ್ಲು ಕಡೀತು ಅಂತ ಬರಿ, ಸಿಟ್ಟು ಅನ್ನೋದನ್ನ ಆಮ್ಯಾಲ ಕೂಡಿ ಮಾತಾಡೋಣು ಅಂದೆ. ಹದಿನೈದು ದಿನದಾಗ ಹುಡುಗೂರು ನನಗಿಂತ ಚೆಂದ ಬರ್ಯಾಕತ್ತಿದ್ರು. ಮೂರನೇ ವಾರ ಒಂದು ಹೆಣ್ಣಿನ ಮರಿ ಸತ್ತಿತ್ತು, ಹೆಂಗ ಸತ್ತಿತೋ ನಾವು ನೋಡಿದ್ದಿಲ್ಲ. ಆ ತಾಯಿ ಅದನ್ನ ಎತ್ಕೊಂಡ ಅಡ್ಡಾಡ್ತಿತ್ತು, ನಾಲ್ಕು ದಿನ, ವಾಸನಿ ಬರ್ತಿತ್ತು, ನೊಣ ಮುಕರಿದ್ವು. ಒಬ್ಬ ಹುಡುಗಿ ನೋಟ್‌ಬುಕ್ಕಿನ್ಯಾಗ ಹಿಂಗಿತ್ತು: "9-40, ಮರಿ ಗ್ವಾಡಿ ಮ್ಯಾಲ ಇಟ್ಟು ಕಾಲಿಲೆ ಒತ್ತಿ ಹಿಡದು ಎಲಿ ತಿಂತು. 9-45, ಮತ್ತ ಎತ್ಕೊಂತು. 9-50, ನೊಣ ಹೊಡೀತು. 9-55, ಕುಂತೈತಿ." ಅಷ್ಟ. ಒಂದು ಕಡೆನೂ ಪಾಪ ಅಂತ ಬರದಿದ್ದಿಲ್ಲ, ಆದ್ರ ಸಂಜೀಕ ಹುಡುಗಿ ಅತ್ತು ಮನಿಗೆ ಹೋಗಿದ್ಲು.

ಎಷ್ಟೋ ವರ್ಷದ ಮ್ಯಾಲ ಬೊಸ್ಸುವಿನ ಜಿರೆ ಅನ್ನೋ ತಾಯಿ ಚಿಂಪಾಂಜಿ ಬಗ್ಗೆ ಓದ್ದೆ. 1992ರಾಗ ಅದರ ಎರಡೂವರೆ ವರ್ಷದ ಮರಿ ಜೊಕ್ರೊ ಜಡ್ಡಿನಿಂದ ಸತ್ತಿತು, ಹೆಣ ಒಣಗಿ ತೊಗಲಾದ್ರೂ ಬಿಡ್ಲಿಲ್ಲ. 2003ರಾಗ ಇನ್ನೊಂದು ಮರಿ ಜಿಮಾಟೊ ಸತ್ತಾಗ 68 ದಿವಸ ಹೊತ್ಕೊಂಡು ತಿರಗ್ತು, ನೊಣ ಓಡಸ್ತಿತ್ತು, ಹೇನು ನೋಡ್ತಿತ್ತು. ನನಗ ಅವಾಗ ನೆನಪಾಗಿದ್ದು ಆ ಹುಡುಗಿ ನೋಟ್‌ಬುಕ್ಕಿನ 9-50.

2003ರ ಆ ಸಾವು ಕೆಮ್ಮು ನೆಗಡಿ ಜಡ್ಡಿನಿಂದ ಆಗಿದ್ದು, ಆ ಸಣ್ಣ ಗುಂಪಿನ್ಯಾಗ ಐದು ಸತ್ವು. ಐವರಿ ಕೋಸ್ಟಿನ ತಾಯಿ ಕಾಡಿನ್ಯಾಗ (ತಾಯಿ ಅನ್ನೋದು ಆ ಕಾಡಿನ ಹೆಸರು) ಹಿಂಗ ಸತ್ತ ಚಿಂಪಾಂಜಿಗಳನ್ನ ಪರೀಕ್ಷಾ ಮಾಡಿದ್ರ ಮನುಷ್ಯರ ನೆಗಡಿ ವೈರಸ್ಸ ಸಿಕ್ವು, 2008ರಾಗ ಅದು ಅಚ್ಚಾತು. ಅಂದ್ರ ನೋಡ್ಲಿಕ್ಕೆ ಹೋದವ್ರ ಜಡ್ಡೇ ಅವಕ್ಕ ಹತ್ತತದ. ಹಿಂಗಾಗಿ ಈಗ ಹೊರಗಿನಿಂದ ಬಂದವ್ರು ಮೊದ್ಲು ಕೆಲವು ದಿವಸ ಕ್ಯಾಂಪಿನ್ಯಾಗ ಬ್ಯಾರೆ ಕೂಡ್ಬೇಕು, ಕಾಡಿಗೆ ಹೋಗೋ ಮುಂದ ಮಾಸ್ಕ್ ಹಾಕ್ಕೋಬೇಕು, ಹತ್ತಿರ ಬಂದ್ರ ತಾವೇ ಹಿಂದ ಸರೀಬೇಕು, ನೆಗಡಿ ಇದ್ರ ಹೋಗಂಗಿಲ್ಲ. ಬಾಳಿಹಣ್ಣು ಹಾಕೋದು ಬಂದ್ ಆಗಿ ಎಷ್ಟೋ ವರ್ಷ ಆತು. ನಾವಿಲ್ಲಿ ಗುಡಿ ಮುಂದ ಮಂಗ್ಯಾಗ ಬಿಸ್ಕಿಟ್ ಕೊಟ್ಟು ಸೆಲ್ಫಿ ತಕ್ಕೊಳ್ಳೋ ಫೋಟೋ ನಿಮ್ಮ ಪೇಪರಿನ್ಯಾಗ "ಪ್ರಾಣಿಪ್ರೇಮ" ಅಂತ ಬರ್ತದಲ್ಲ, ಅದನ್ನ ಮೊದ್ಲು ನಿಲ್ಲಸ್ರಿ.

ಕಡೀಕ ನನ್ನ ಬೇಡಿಕಿ. ತಿದ್ದುಪಡಿ ಹಾಕೋದು ಬಿಡೋದು ನಿಮಗ ಬಿಟ್ಟದ್ದು. ಆದ್ರ ಒಂದು ಸಣ್ಣ ಬಾಕ್ಸ್ ಹಾಕ್ರಿ. ನಾನು ಸಣ್ಣಾಂವ ಇದ್ದಾಗ ನಮ್ಮಪ್ಪ ಹೇಳ್ತಿದ್ದ, "ಜಪಾನಿ ಸಾಹೇಬ್ರು ಬಂದಾರ, ಬೆಳಗಿನಿಂದ ಸಂಜಿತನಕ ಮುಸ್ಯಾನ ಹಿಂದ ತಿರಗ್ತಾರ, ಏನೂ ಹಿಡಿಯಂಗಿಲ್ಲ, ಬರೇ ಬರ್ಕೋತಾರ" ಅಂತ ಊರ ಮಂದಿ ನಗತಿದ್ರಂತ. ಅವ್ರ ಜೊತಿಗೆ ದಾರಿ ತೋರಿಸ್ಲಿಕ್ಕೆ, ಬುತ್ತಿ ಹೊರ್ಲಿಕ್ಕೆ, ಇಂಥಾ ಗುಂಪು ಇಂಥಾ ಕಡೆ ಅದ ಅಂತ ಹೇಳ್ಲಿಕ್ಕೆ ನಮ್ಮ ಕಡೆಯ ಯಾರರ ಹೋಗೇ ಇರ್ಬೇಕು. ಇದ್ರ ಅವ್ರಿಗೆ ಈಗ ಎಂಬತ್ತರ ಮ್ಯಾಲ ಆಗಿರ್ತದ. ಧಾರವಾಡ, ಕಲಘಟಗಿ, ಹಳಿಯಾಳ ಕಡೆ ಯಾರ ಮನಿ ಅಜ್ಜ ಆ ಮಾತು ಹೇಳ್ತಿದ್ರೂ ಪೇಪರಿನ ಆಫೀಸಿಗೆ ಒಂದು ಕಾರ್ಡ್ ಹಾಕ್ಲಿ ಅಂತ ಬರೀರಿ. ಬಂದ್ರ ನನಗ ತಿಳಸ್ರಿ, ನಾನು ಬಸ್ ಹತ್ತಿ ಹೋಗಿ ಮಾತಾಡ್ಸಿ ಬರದುಕೊಂಡು ಬರ್ತೀನಿ.

ಇಂತಿ ನಿಮ್ಮ ಹಳೇ ಓದುಗ,
ರಿಟೈರ್ಡ್ ಮಾಸ್ತರ, ಧಾರವಾಡ